ಭೂಗತ ಕಲ್ಲಿದ್ದಲು ಗಣಿಗಳಲ್ಲಿ ಸ್ವಯಂದಹನದ ಅಪಾಯ ನಿರ್ಣಯ

ಹೊರಗಿನ ಕಿಡಿ ತಾಗದೆ ಕಲ್ಲಿದ್ದಲು ತನ್ನೊಳಗಿನ ಶಾಖದಿಂದಲೇ ಹೊತ್ತಿಕೊಳ್ಳುವುದು ಸ್ವಯಂದಹನ. ಒಡೆದ ಕಲ್ಲಿದ್ದಲು ಗಾಳಿಯಲ್ಲಿನ ಆಮ್ಲಜನಕ ಹೀರುವಾಗ ಶಾಖ ಹುಟ್ಟುತ್ತದೆ. ಅದು ಹೊರಹೋಗದೆ ಉಳಿದರೆ ಉಷ್ಣತೆ ಏರುತ್ತದೆ. ಏರಿದಷ್ಟೂ ಆಮ್ಲಜನಕ ಸೇರುವ ಈ ಕ್ರಿಯೆ, ಅಂದರೆ ಉತ್ಕರ್ಷಣ, ಚುರುಕಾಗುತ್ತದೆ. ಜೋರಾದ ಗಾಳಿ ಶಾಖವನ್ನು ಒಯ್ಯುತ್ತದೆ. ಗಾಳಿ ಪೂರ್ತಿ ನಿಂತರೆ ಉತ್ಕರ್ಷಣವೂ ನಿಲ್ಲುತ್ತದೆ. ಇವೆರಡರ ನಡುವಿನ ಮಂದ ಸೋರಿಕೆಯೇ ಹೆಚ್ಚು ಅಪಾಯಕಾರಿ.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಿನ ಸಂತೆಕಲ್ಲೂರಿನ ಸುತ್ತಿನವರು ಬಲ್ಲ ಆಳದ ಗಣಿ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯದು. ಅಲ್ಲಿ ಸಿಗುವುದು ಚಿನ್ನದ ಅದಿರು. ಆದರೂ ರಾಯಚೂರು ಜಿಲ್ಲೆಗೆ ಈ ವಿಷಯ ಹೊರತಲ್ಲ. 1985ರಲ್ಲಿ ಮೊದಲ ಘಟಕ ಆರಂಭವಾದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿಯ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ಸಿಂಗರೇಣಿಯ ಗೋದಾವರಿ ಕಣಿವೆಯ ದಪ್ಪ ಪದರಗಳಲ್ಲಿ ತಾನಾಗಿ ಬಿಸಿಯೇರುವುದು ಹಳೆಯ ಸಮಸ್ಯೆ. ಸ್ಥಾವರದ ಅಂಗಳದಲ್ಲಿ ರಾಶಿ ಹಾಕಿದ ಕಲ್ಲಿದ್ದಲಿನಲ್ಲೂ ನಡೆಯುವುದು ಇದೇ ಕ್ರಿಯೆ. ಅದನ್ನು ತಡೆಯಲು ರಾಶಿಯನ್ನು ಒತ್ತಿ ಬಿಗಿಗೊಳಿಸಿ, ಹಳೆಯ ಸರಕನ್ನು ಮೊದಲು ಉರಿಸುತ್ತಾರೆ.

ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆ ಅಡ್ಡದಾಟು ಉಷ್ಣತೆಯದು. ಕಲ್ಲಿದ್ದಲಿನ ಪುಡಿಯನ್ನು ಸಮವೇಗದಲ್ಲಿ ಕಾಯಿಸುತ್ತ, ಅದರ ಉಷ್ಣತೆ ಸುತ್ತಲಿನ ಉಷ್ಣತೆಯನ್ನು ಯಾವ ಹಂತದಲ್ಲಿ ದಾಟುತ್ತದೆಂದು ನೋಡುತ್ತಾರೆ. 120ರಿಂದ 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ದಾಟಿದರೆ ಅದು ಸುಲಭವಾಗಿ ಹೊತ್ತಿಕೊಳ್ಳುವ ಜಾತಿ. 160 ಮೀರಿದರೆ ಅಪಾಯ ಕಡಿಮೆ. ಆದರೆ ಈ ಅಂಕಿಯೊಂದನ್ನೇ ನಂಬಿ ಗಣಿಯನ್ನು ಸುರಕ್ಷಿತವೆಂದು ಕರೆಯಲಾಗದು. ಕಲ್ಲಿದ್ದಲು ತೆಗೆದ ಖಾಲಿ ಜಾಗದಲ್ಲಿ, ಅಂದರೆ ಗೋಫ್‌ನಲ್ಲಿ, ಬಿಟ್ಟ ಪುಡಿ ಎಷ್ಟು, ಕಂಬಗಳು ಒತ್ತಡಕ್ಕೆ ಬಿರಿದಿವೆಯೇ, ಬಿರುಕುಗಳಲ್ಲಿ ಗಾಳಿ ಸೋರುತ್ತಿದೆಯೇ ಎಂಬುದೂ ಅಷ್ಟೇ ನಿರ್ಣಾಯಕ. ಕಲ್ಲಿದ್ದಲು ಗಾಳಿಗೆ ತೆರೆದ ಮೇಲೆ ಹೊತ್ತಿಕೊಳ್ಳಲು ಹಿಡಿಯುವ ಕಾಲವನ್ನು ಅಂದಾಜಿಸಿ, ಅಷ್ಟರೊಳಗೆ ತೆಗೆದು ಮುಚ್ಚಬಹುದಾದಷ್ಟೇ ದೊಡ್ಡ ಗಣಿ ಭಾಗಗಳನ್ನು, ಅಂದರೆ ಪ್ಯಾನಲ್‌ಗಳನ್ನು, ಯೋಜಿಸುವುದು ಮುಖ್ಯ ಮುನ್ನೆಚ್ಚರಿಕೆ.

ಗಣಿ ನಡೆಯುವಾಗ ಸುಳಿವು ಕೊಡುವುದು ಅನಿಲ. ಬಿಸಿಯೇರುವ ಕಲ್ಲಿದ್ದಲಿನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿನ ಪ್ರಮಾಣವೊಂದೇ ದಾರಿ ತಪ್ಪಿಸಬಹುದು. ಗಾಳಿ ಹೆಚ್ಚಾದರೆ ಅದು ತೆಳುವಾಗಿ ಕಾಣುತ್ತದೆ. ಆದ್ದರಿಂದ ಹುಟ್ಟಿದ ಮೊನಾಕ್ಸೈಡನ್ನು ಕಳೆದುಹೋದ ಆಮ್ಲಜನಕಕ್ಕೆ ಹೋಲಿಸಿ ಶೇಕಡಾದಲ್ಲಿ ಹೇಳುವ ಗ್ರಹಾಂ ಅನುಪಾತ ಬಳಕೆಗೆ ಬಂತು. 0.4ರೊಳಗೆ ಸಾಮಾನ್ಯ, 1ಕ್ಕೆ ಬಿಸಿಯೇರಿಕೆ ಬಹುತೇಕ ಖಚಿತ, 3ರಾಚೆ ಬೆಂಕಿ ಎಂಬುದು ರೂಢಿಯ ಓದು. ಆಮ್ಲಜನಕದ ನಷ್ಟ ತೀರಾ ಅಲ್ಪವಿದ್ದಾಗ ಈ ಲೆಕ್ಕವೂ ಕೈಕೊಡುತ್ತದೆ. ಆದುದರಿಂದ ಒಂದು ದಿನದ ಅಂಕಿಗಿಂತ ವಾರಗಳ ಏರಿಳಿತಕ್ಕೆ ಬೆಲೆ ಹೆಚ್ಚು. ಛಾವಣಿ ಬೆವರುವುದು, ತೆಳು ಮಂಜು, ಸೀಮೆಎಣ್ಣೆಯಂಥ ವಾಸನೆ, ಇವನ್ನು ಮೊದಲು ಗಮನಿಸುವವರು ಪಾಳಿಯ ಕಾರ್ಮಿಕರು. ಅವರ ಮಾತನ್ನು ಉಪಕರಣದ ಅಂಕಿಯಷ್ಟೇ ಗಂಭೀರವಾಗಿ ದಾಖಲಿಸಬೇಕು.

ಹಾಗೆ ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಇದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಮೌರಾ 2ನೇ ಗಣಿಯಲ್ಲಿ 1994ರ ಆಗಸ್ಟ್ 7ರಂದು ಸಂಭವಿಸಿದ ಸ್ಫೋಟದಲ್ಲಿ 11 ಮಂದಿ ಸತ್ತರು. ಆಗಷ್ಟೇ ಮುಚ್ಚಿದ್ದ 512ನೇ ಪ್ಯಾನಲ್‌ನೊಳಗಿನ ಬಿಸಿಯೇರಿಕೆಯೇ ಕಾರಣವೆಂದು ವಿಚಾರಣೆ ತೀರ್ಮಾನಿಸಿತು. ವಾಸನೆ, ಮಂಜು, ಏರುತ್ತಿದ್ದ ಮೊನಾಕ್ಸೈಡ್ ಕುರಿತ ಸುಳಿವುಗಳು ಬಿಡಿಬಿಡಿಯಾಗಿ ಇದ್ದವು. ಪಾಳಿಯಿಂದ ಪಾಳಿಗೆ ಅವು ಒಟ್ಟುಗೂಡಲಿಲ್ಲ.