ವೇಷದ ಹಿಂದಿನ ಹಾಡುಗಾರ

ಹಗಲುವೇಷದವರು ಊರಿಗೆ ಬಂದ ದಿನ ಬೀದಿಯಲ್ಲಿ ಏನಾಗುತ್ತಿತ್ತೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ರಾಕ್ಷಸನ ವೇಷ ತೊಟ್ಟವನು ಬಾಗಿಲಿಗೆ ಬಂದು ಅಬ್ಬರಿಸಿದರೆ ಎಳೆಯ ಮಕ್ಕಳು ಅಳುತ್ತ ಒಳಮನೆಗೆ ಓಡುತ್ತಿದ್ದರು. ಜಗುಲಿಯ ಮೇಲಿನ ಹಿರಿಯರು ನಗುತ್ತ ಮೊರದಲ್ಲಿ ಅಕ್ಕಿ ತರಿಸುತ್ತಿದ್ದರು. ವೇಷ ಒಂದೇ, ನೋಟ ಎರಡು. ಬಣ್ಣದ ಹಿಂದೆ ಒಬ್ಬ ಮನುಷ್ಯನಿದ್ದಾನೆಂದು ಬಲ್ಲವನಿಗೆ ನಗೆ. ಬಣ್ಣವನ್ನೇ ಮುಖವೆಂದು ತಿಳಿದವನಿಗೆ ಭಯ. ರಾಜಕೀಯ ವಿಡಂಬನೆಯ ಪಾಡೂ ಬಹುಮಟ್ಟಿಗೆ ಹೀಗೆಯೇ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ಒಬ್ಬ ಹಾಡುಗಾರನ ಕಥೆಯನ್ನು ಕೇಳೋಣ. ಆತನ ಹೆಸರು ಜೆರಾಲ್ಡ್ ಕಸಾಲೆ. ರಾಕ್ ಸಂಗೀತದಲ್ಲಿ ‘ನ್ಯೂ ವೇವ್’, ಎಂದರೆ ಹೊಸ ಅಲೆ, ಎಂಬ ಪಂಥವೊಂದು 1970ರ ದಶಕದ ಕೊನೆಯಲ್ಲಿ ತಲೆಯೆತ್ತಿತು. ಆ ಪಂಥದ ಹೆಸರಾಂತ ತಂಡಗಳಲ್ಲೊಂದಾದ ‘ಡೀವೋ’ದ ಸ್ಥಾಪಕರಲ್ಲಿ ಆತನೊಬ್ಬ. 2006ರಲ್ಲಿ, ತನ್ನ 58ನೆಯ ವಯಸ್ಸಿನಲ್ಲಿ, ಆತ ಸ್ವಂತದ್ದಾಗಿ ಒಂದು ಗೀತಸಂಪುಟವನ್ನು ಹೊರತಂದನು. ಅದರ ಹೆಸರು ‘ಮೈನ್ ಈಸ್ ನಾಟ್ ಎ ಹೋಲಿ ವಾರ್’. ‘ನನ್ನದು ಧರ್ಮಯುದ್ಧವಲ್ಲ’ ಎಂದರ್ಥ. ಆದರೆ ಹಾಡುಗಾರನೆಂದು ಅದರ ಮೇಲೆ ಅಚ್ಚಾದದ್ದು ಕಸಾಲೆಯ ಹೆಸರಲ್ಲ. ‘ಜಿಹಾದ್ ಜೆರ್ರಿ ಅಂಡ್ ದಿ ಈವಿಲ್‌ಡೂಯರ್ಸ್’ ಎಂಬ ಕಟ್ಟುಹೆಸರು. ತಲೆಗೆ ರುಮಾಲು, ಕಣ್ಣಿಗೆ ಕಪ್ಪು ಕನ್ನಡಕ. ಇಂಥ ವೇಷವನ್ನು ಆತ ಏಕೆ ತೊಟ್ಟನೆಂದು ತಿಳಿಯಬೇಕಾದರೆ ನಾವು 36 ವರ್ಷ ಹಿಂದಕ್ಕೆ ಹೋಗಬೇಕು.

ಕಸಾಲೆ ಹುಟ್ಟಿದ್ದು 1948ರಲ್ಲಿ, ಓಹಾಯೋ ಸಂಸ್ಥಾನದ ರವೆನಾ ಎಂಬ ಊರಿನಲ್ಲಿ. ಸಮೀಪದ ಆಕ್ರನ್ ನಗರವು ಮೋಟಾರು ಟೈರುಗಳ ರಾಜಧಾನಿ. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಮೊದಲಾದ ರಬ್ಬರ್ ಕಾರ್ಖಾನೆಗಳ ಹೊಗೆಯಲ್ಲಿ ಬೆಳೆದ ಸೀಮೆ ಅದು. ಹತ್ತಿರದಲ್ಲಿಯೇ ಕೆಂಟ್ ಸ್ಟೇಟ್ ವಿಶ್ವವಿದ್ಯಾನಿಲಯ. ಕಸಾಲೆ ಅಲ್ಲಿ ವಿದ್ಯಾರ್ಥಿಯಾಗಿದ್ದನು.

1970ರ ಏಪ್ರಿಲ್ 30ರಂದು ಅಧ್ಯಕ್ಷ ನಿಕ್ಸನ್ನರು ವಿಯಟ್ನಾಂ ಯುದ್ಧವನ್ನು ಕಾಂಬೋಡಿಯಾದ ನೆಲಕ್ಕೂ ವಿಸ್ತರಿಸುವುದಾಗಿ ಸಾರಿದರು. ದೇಶದ ವಿದ್ಯಾಲಯಗಳಲ್ಲಿ ಪ್ರತಿಭಟನೆ ಎದ್ದಿತು. ಕೆಂಟ್ ಸ್ಟೇಟಿನಲ್ಲಿ ಸೈನಿಕ ತರಬೇತಿಯ ಕಟ್ಟಡವೊಂದು ಸುಟ್ಟುಹೋಯಿತು. ನ್ಯಾಷನಲ್ ಗಾರ್ಡ್ ಪಡೆಯನ್ನು ಕರೆಸಲಾಯಿತು. ಮೇ 4, ಸೋಮವಾರ ಮಧ್ಯಾಹ್ನ ಗುಡ್ಡದ ಮೇಲಿಂದ ಆ ಪಡೆಯವರು ಗುಂಡು ಹಾರಿಸಿದರು. ಎಲ್ಲವೂ ಮುಗಿದದ್ದು 13 ಸೆಕೆಂಡುಗಳಲ್ಲಿ. ನಾಲ್ವರು ವಿದ್ಯಾರ್ಥಿಗಳು ಸತ್ತರು; ಒಂಬತ್ತು ಮಂದಿ ಗಾಯಗೊಂಡರು. ಸತ್ತವರು ಆಲಿಸನ್ ಕ್ರೌಸ್, ಜೆಫ್ರಿ ಮಿಲ್ಲರ್, ಸಾಂಡ್ರಾ ಷಾಯರ್ ಮತ್ತು ವಿಲಿಯಂ ಷ್ರೋಡರ್. ಇವರಲ್ಲಿ ಷಾಯರ್ ಪಾಠಕ್ಕೆಂದು ಹೋಗುತ್ತಿದ್ದ ಹುಡುಗಿ. ಷ್ರೋಡರನು ಸ್ವತಃ ಸೈನಿಕ ತರಬೇತಿಗೆ ಸೇರಿದ್ದ ಹುಡುಗ. ಕ್ರೌಸ್ ಮತ್ತು ಮಿಲ್ಲರ್ ಇಬ್ಬರೂ ಕಸಾಲೆಗೆ ಪರಿಚಿತರು. ಆತ ಆ ದಿನ ಅಲ್ಲಿಯೇ ಇದ್ದು ಎಲ್ಲವನ್ನೂ ಕಂಡನು.

ಕಂಡದ್ದಕ್ಕಿಂತ ಆಮೇಲೆ ಕೇಳಿದ್ದು ಇನ್ನೂ ಕಠಿನವಾಗಿತ್ತು. ಘಟನೆಯ ತರುವಾಯ ಗ್ಯಾಲಪ್ ಸಂಸ್ಥೆ ನಡೆಸಿದ ಜನಾಭಿಪ್ರಾಯ ಪರೀಕ್ಷೆಯಲ್ಲಿ ನೂರಕ್ಕೆ 58 ಜನ ತಪ್ಪೆಲ್ಲ ವಿದ್ಯಾರ್ಥಿಗಳದೇ ಎಂದರು. ಗಾರ್ಡ್ ಪಡೆಯದು ತಪ್ಪೆಂದವರು ನೂರಕ್ಕೆ 11 ಮಾತ್ರ. ಎಳೆಯರು ನೆಲಕ್ಕುರುಳಿದ್ದಾರೆ, ಓದುಬರಹ ಬಲ್ಲ ಒಂದು ನಾಡಿನ ಹೆಚ್ಚು ಜನ ‘ಅವರಿಗೆ ತಕ್ಕದ್ದೇ ಆಯಿತು’ ಎನ್ನುತ್ತಿದ್ದಾರೆ. ಮನುಷ್ಯ ವಿಕಾಸಗೊಳ್ಳುತ್ತಿದ್ದಾನೆ ಎಂಬ ಮಾತನ್ನು ಇದನ್ನು ಕಂಡ ಯುವಕ ಹೇಗೆ ನಂಬಿಯಾನು?

ಇಂಥ ನೋವನ್ನು ಹಾಡಾಗಿಸಲು ಎರಡು ದಾರಿಗಳಿವೆ. ಮೊದಲನೆಯದು ನೇರವಾದ ದಾರಿ. ಕೆನಡಾದ ನೀಲ್ ಯಂಗ್ ಆ ದಾರಿ ಹಿಡಿದನು. ಗುಂಡೇಟಿನ ಚಿತ್ರಗಳನ್ನು ಕಂಡೊಡನೆ ಆತ ‘ಓಹಾಯೋ’ ಎಂಬ ಹಾಡನ್ನು ಬರೆದನು. ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಜತೆಗೂಡಿ ಆ ಮೇ ತಿಂಗಳಲ್ಲಿಯೇ ಅದನ್ನು ಧ್ವನಿಮುದ್ರಿಸಿದನು. ಸತ್ತವರೆಷ್ಟು, ಹೊಣೆ ಯಾರದು ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ನಿಕ್ಸನ್ನರ ಹೆಸರೂ ಅದರಲ್ಲಿದೆ.

ಕಸಾಲೆ ಹಿಡಿದದ್ದು ಎರಡನೆಯ ದಾರಿ. ಗೆಳೆಯ ಬಾಬ್ ಲೂಯಿಸನೊಡನೆ ಸೇರಿ ಆತ ಒಂದು ಅಣಕು ಸಿದ್ಧಾಂತವನ್ನೇ ಕಟ್ಟಿದನು. ಮಾನವಕುಲ ಮುಂದಕ್ಕೆ ಹೋಗುತ್ತಿಲ್ಲ; ವಿಕಾಸದ ಮೆಟ್ಟಿಲುಗಳನ್ನು ಹಿಂದುಹಿಂದಾಗಿ ಇಳಿಯುತ್ತಿದೆ ಎಂಬುದೇ ಅದರ ಸಾರ. ಅದಕ್ಕೆ ‘ಡಿ-ಎವಲ್ಯೂಷನ್’ ಎಂದು ಹೆಸರಿಟ್ಟರು. ಮಾರ್ಕ್ ಮದರ್ಸ್‌ಬಾ ಎಂಬ ಸಂಗೀತಗಾರನೂ ಜತೆಯಾದನು. 1973ರಲ್ಲಿ ಕೆಂಟ್ ಸ್ಟೇಟಿನ ಕಲೋತ್ಸವವೊಂದರಲ್ಲಿಯೇ ತಂಡದ ಮೊದಲ ಕಾರ್ಯಕ್ರಮ ನಡೆಯಿತು. ಆ ಸಿದ್ಧಾಂತದ ಹೆಸರನ್ನೇ ಮೊಟಕುಮಾಡಿ ‘ಡೀವೋ’ ಎಂದರು. ಮೇ 4 ನಡೆಯದಿದ್ದರೆ ಡೀವೋ ಹುಟ್ಟುತ್ತಲೇ ಇರಲಿಲ್ಲವೆಂದು ಕಸಾಲೆ ಮುಂದೆ ಹಲವು ಬಾರಿ ಹೇಳಿದ್ದಾನೆ.

1978ರಲ್ಲಿ ಬ್ರಯನ್ ಈನೋನ ನಿರ್ಮಾಣದಲ್ಲಿ ಅವರ ಮೊದಲ ಗೀತಸಂಪುಟ ಹೊರಬಂತು. ‘ನಾವು ಮನುಷ್ಯರಲ್ಲವೇ’ ಎಂಬುದು ಅದರ ಹೆಸರಿನಲ್ಲಿದ್ದ ಪ್ರಶ್ನೆ. ಎಚ್. ಜಿ. ವೆಲ್ಸ್‌ನ ಡಾಕ್ಟರ್ ಮೊರೋ ಕಾದಂಬರಿಯಲ್ಲಿ ಮೃಗಗಳಿಂದ ಮನುಷ್ಯರಾಗಿ ಮಾಡಲ್ಪಟ್ಟ ಪ್ರಾಣಿಗಳು ಕೇಳುವ ಪ್ರಶ್ನೆಯದು. ಡೀವೋದವರು ಎಲ್ಲರೂ ಒಂದೇ ಬಗೆಯ ಹಳದಿ ಉಡುಪು ತೊಟ್ಟು, ಕಾರ್ಖಾನೆಯ ಯಂತ್ರಗಳಂತೆ ಕೈಕಾಲು ಆಡಿಸುತ್ತ ಹಾಡಿದರು. 1980ರಲ್ಲಿ ತಲೆಯ ಮೇಲೆ ಮೆಟ್ಟಿಲು ಮೆಟ್ಟಿಲಾದ ಕೆಂಪು ಟೋಪಿ ಬಂತು. ನೋಡಿದವರಿಗೆ ಹೂವಿನ ಕುಂಡವನ್ನು ಬೋರಲು ಹಾಕಿದಂತೆ ಕಂಡಿತು. ಯೋಚಿಸುವುದನ್ನು ಬಿಟ್ಟು ಒಂದೇ ಅಚ್ಚಿನಲ್ಲಿ ಹೊರಬರುವ ತಮ್ಮ ನಾಡವರನ್ನೇ ಅವರು ಹೀಗೆ ಅಣಕಿಸಿದ್ದು.

ಆದರೆ ಅಣಕವನ್ನು ಅಣಕವೆಂದು ತಿಳಿದವರೆಷ್ಟು ಮಂದಿ? ‘ವಿಪ್ ಇಟ್’ ಎಂಬ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14ನೆಯ ಸ್ಥಾನಕ್ಕೇರಿತು. ‘ಕೆಚ್ಚಿದ್ದರೆ ಎಲ್ಲವೂ ಸಾಧ್ಯ’ ಎಂಬ ಅಮೆರಿಕದ ಉಪದೇಶಗಳನ್ನು ಗೇಲಿ ಮಾಡಲೆಂದು ಕಸಾಲೆ ಅದರ ಮಾತುಗಳನ್ನು ಬರೆದಿದ್ದನು. ಕೇಳಿದವರಲ್ಲಿ ಅನೇಕರು ಅದಕ್ಕೆ ಪೋಲಿ ಅರ್ಥ ಕಟ್ಟಿದರು. ಮರುವರ್ಷದ ‘ಬ್ಯೂಟಿಫುಲ್ ವರ್ಲ್ಡ್’ ಹಾಡಿನ ಗತಿ ಇನ್ನೂ ವಿಚಿತ್ರ. ಲೋಕ ಎಷ್ಟು ಚೆಲುವಾಗಿದೆ ಎಂದು ಅದು ಹೊಗಳುತ್ತ ಹೋಗಿ, ಕೊನೆಗೆ ಈ ಚೆಲುವು ಎಲ್ಲರ ಪಾಲಿಗೆ ಬಂದಿಲ್ಲವೆಂದು ತಿರುಗಿಬೀಳುತ್ತದೆ. ಕಸಾಲೆಯೇ ನಿರ್ದೇಶಿಸಿದ ಅದರ ಚಿತ್ರದಲ್ಲಿ ಮೊದಮೊದಲು ನಗುವ ಮುಖಗಳು, ಆಮೇಲೆ ಯುದ್ಧ, ಹಸಿವು, ಜನಾಂಗದ್ವೇಷ. ನಮ್ಮ ಆಲಂಕಾರಿಕರು ಇದನ್ನು ವ್ಯಾಜಸ್ತುತಿ ಎಂದಾರು. ಹೊಗಳಿಕೆಯ ಸೋಗಿನ ನಿಂದೆ. ಅದೇ ಹಾಡು ಮುಂದೊಂದು ದಿನ ಅಂಗಡಿಯ ಸಾಮಾನುಗಳ ಜಾಹೀರಾತಿಗೂ ಬಳಕೆಯಾಯಿತು. ಹೊಗಳಿಕೆ ಉಳಿಯಿತು, ನಿಂದೆ ಉದುರಿಹೋಯಿತು.

ಡೀವೋ 1991ರಲ್ಲಿ ಚದುರಿತು. 1996ರ ಬಳಿಕ ಆಗಾಗ ಮತ್ತೆ ಕೂಡಿ ಹಾಡಿತು. ಮದರ್ಸ್‌ಬಾ ಚಲನಚಿತ್ರಗಳಿಗೆ ಸಂಗೀತ ಒದಗಿಸುತ್ತ ಹೋದನು. ಕಸಾಲೆ ಬೇರೆಯವರ ಹಾಡುಗಳಿಗೆ ಚಿತ್ರಗಳನ್ನು ನಿರ್ದೇಶಿಸುತ್ತಿದ್ದನು. ಅಷ್ಟರಲ್ಲಿ 2001ರ ಸೆಪ್ಟೆಂಬರ್ 11 ಬಂತು. 2003ರ ಮಾರ್ಚಿನಲ್ಲಿ ಇರಾಕಿನ ಯುದ್ಧ ಬಂತು. ಸಾಮೂಹಿಕ ನಾಶದ ಆಯುಧಗಳಿವೆಯೆಂದು ಹೇಳಿ ಹೂಡಿದ ಯುದ್ಧ ಅದು. ಅಂಥ ಆಯುಧಗಳ ಸಂಗ್ರಹ ಅಲ್ಲಿ ಸಿಗಲಿಲ್ಲ.

ಆಗ ಮಾತಾಡಿದವರಿಗೆ ಏನಾಯಿತೆಂಬುದಕ್ಕೆ ನಮ್ಮ ರೇಡಿಯೋ ಪೆಟ್ಟಿಗೆಗೆ ಸಂಬಂಧಿಸಿದ ಒಂದು ಉದಾಹರಣೆಯುಂಟು. ಡಿಕ್ಸಿ ಚಿಕ್ಸ್ ಎಂಬ ಜನಪ್ರಿಯ ಗಾಯಕಿಯರ ತಂಡದ ನಾಟಲಿ ಮೇನ್ಸ್, 2003ರ ಮಾರ್ಚ್ 10ರಂದು ಲಂಡನ್ನಿನ ವೇದಿಕೆಯಲ್ಲಿ, ಅಧ್ಯಕ್ಷ ಬುಷ್ಷರು ತಮ್ಮ ಟೆಕ್ಸಸಿನವರೆಂಬುದು ತಮಗೆ ನಾಚಿಕೆಯ ಸಂಗತಿ ಎಂಬರ್ಥದ ಮಾತಾಡಿದಳು. ಒಂದೇ ಒಂದು ವಾಕ್ಯ. ಅಮೆರಿಕದ ಎಷ್ಟೋ ರೇಡಿಯೋ ನಿಲಯಗಳು ಅವರ ಹಾಡುಗಳನ್ನು ಬಿತ್ತರಿಸುವುದನ್ನೇ ನಿಲ್ಲಿಸಿದವು.

ಇಂಥ ಹವೆಯಲ್ಲಿ 2006ರಲ್ಲಿ ಹಳೆಯ ಎರಡು ದಾರಿಗಳು ಮತ್ತೊಮ್ಮೆ ತೆರೆದುಕೊಂಡದ್ದು ಚರಿತ್ರೆಯ ಒಂದು ವಿಶೇಷ. ಆ ವರ್ಷ ನೀಲ್ ಯಂಗ್ ‘ಲಿವಿಂಗ್ ವಿತ್ ವಾರ್’ ಎಂಬ ಗೀತಸಂಪುಟವನ್ನು ಹೊರತಂದು, ಅಧ್ಯಕ್ಷರ ಮೇಲೆ ದೋಷಾರೋಪ ಹೊರಿಸಬೇಕೆಂದು ನೇರವಾಗಿಯೇ ಹಾಡಿದನು. ಅದೇ ವರ್ಷ ಕಸಾಲೆ ಜಿಹಾದ್ ಜೆರ್ರಿಯಾದನು.

ಆ ಹೆಸರನ್ನು ಬಿಡಿಸಿ ನೋಡಿ. ಜೆರ್ರಿ ಎಂಬುದು ಅಮೆರಿಕದ ಬೀದಿಬೀದಿಯಲ್ಲಿ ಸಿಗುವ ಹೆಸರು. ನಮ್ಮಲ್ಲಿ ಸೀನಣ್ಣ, ರಾಮಣ್ಣ ಎಂದ ಹಾಗೆ. ಜಿಹಾದ್ ಎಂಬುದು ಆ ಹೊತ್ತಿಗೆ ಅಮೆರಿಕದವರನ್ನು ಬೆಚ್ಚಿಬೀಳಿಸುತ್ತಿದ್ದ ಶಬ್ದ. ಈವಿಲ್‌ಡೂಯರ್ಸ್, ಎಂದರೆ ದುಷ್ಕರ್ಮಿಗಳು, ಎಂಬುದು ಅಧ್ಯಕ್ಷ ಬುಷ್ಷರ ಬಾಯಲ್ಲಿ ಪದೇ ಪದೇ ಬರುತ್ತಿದ್ದ ಮಾತು. 2001ರ ಸೆಪ್ಟೆಂಬರಿನಲ್ಲಿ ಅವರು ತಮ್ಮ ಹೋರಾಟವನ್ನು ‘ಕ್ರೂಸೇಡ್’ ಎಂದೂ ಕರೆದಿದ್ದರು. ಎರಡು ಕಡೆಯವರೂ ದೇವರ ಹೆಸರಿನ ಯುದ್ಧದ ನುಡಿಗಟ್ಟನ್ನೇ ಆಡುತ್ತಿರುವಾಗ ನಡುವೆ ಒಬ್ಬ ಕೋಡಂಗಿ ನಿಂತು ‘ನನ್ನದಂತೂ ಧರ್ಮಯುದ್ಧವಲ್ಲ’ ಎಂದರೆ, ಆ ಏಟು ಇಬ್ಬರಿಗೂ ತಗಲುತ್ತದೆ. ಯಾವ ಮತದ ಅಂಧಶ್ರದ್ಧೆಯಾದರೂ ಸರಿ, ಅದೇ ತನ್ನ ಗುರಿಯೆಂಬುದು ಕಸಾಲೆಯ ಅಭಿಪ್ರಾಯ.

ಸಂಪುಟದ ಹಾಡುಗಳು ಡೀವೋದ ಯಂತ್ರತಾಳಕ್ಕಿಂತ ಹೆಚ್ಚಾಗಿ ಗಿಟಾರಿನ ಒರಟು ದನಿಯನ್ನು ನೆಚ್ಚಿವೆ. ಹಳೆಯ ಜತೆಗಾರರೂ ಸೋದರ ಬಾಬ್ ಕಸಾಲೆಯೂ ವಾದ್ಯ ನುಡಿಸಿದ್ದಾರೆ. ‘ಬೀಹೈವ್’, ‘ಐ ನೀಡ್ ಎ ಚಿಕ್’ ಮೊದಲಾದವು ಡೀವೋದ ಆರಂಭದ ದಿನಗಳ ಹಾಡುಗಳು. ಮೂವತ್ತು ವರ್ಷಗಳ ಮೇಲೆ ಅವನ್ನು ಹೊಸದಾಗಿ ಹಾಡಿದ್ದಾನೆ. ‘ಆರ್ಮಿ ಗರ್ಲ್ಸ್ ಗಾನ್ ವೈಲ್ಡ್’ ಎಂಬ ಹಾಡಿನ ಹೆಸರು ಕೇಳಿದೊಡನೆ ಅಬು ಗ್ರೈಬ್ ಸೆರೆಮನೆಯ ಚಿತ್ರಗಳು ಕಣ್ಣಿಗೆ ಕಟ್ಟುತ್ತವೆ. ಕೈದಿಗಳ ಅವಮಾನವನ್ನು ನಗುನಗುತ್ತ ಫೋಟೋ ತೆಗೆಸಿಕೊಂಡ ಸಿಪಾಯಿಗಳ ಆ ಚಿತ್ರಗಳು 2004ರಲ್ಲಿ ಲೋಕಕ್ಕೆ ತಿಳಿದಿದ್ದವು.

ಇಷ್ಟಾಗಿಯೂ ಸಂಪುಟ ಡೀವೋದ ಹಾಡುಗಳಂತೆ ಮನೆಮಾತಾಗಲಿಲ್ಲ. ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಕೆಂಪು ಟೋಪಿ ಕಸಾಲೆಯ ಸ್ವಂತದ್ದು. ಅದನ್ನು ತೊಟ್ಟು ಆತ ತನ್ನವರನ್ನೇ ಗೇಲಿ ಮಾಡಿದನು. ನಕ್ಕರೂ, ಸಿಟ್ಟಾದರೂ ಅದರ ಭಾರ ಆತನ ತಲೆಯ ಮೇಲೆಯೇ ಇತ್ತು. ರುಮಾಲು ಹಾಗಲ್ಲ. 2001ರ ಸೆಪ್ಟೆಂಬರ್ 15ರಂದು ಅರಿಜೋನಾದ ಮೇಸಾ ಎಂಬಲ್ಲಿ, ನಮ್ಮ ದೇಶದಿಂದ ಹೋಗಿ ಪೆಟ್ರೋಲ್ ಬಂಕು ಇಟ್ಟುಕೊಂಡಿದ್ದ ಒಬ್ಬ ಸಿಖ್ಖರನ್ನು, ತಲೆಯ ಮೇಲೆ ರುಮಾಲಿತ್ತೆಂಬ ಕಾರಣಕ್ಕೇ ಶತ್ರುವೆಂದು ಬಗೆದು ಗುಂಡಿಟ್ಟು ಕೊಂದಿದ್ದರು. ಕಸಾಲೆ ತನ್ನ ರುಮಾಲನ್ನು ವೇದಿಕೆಯಿಂದ ಇಳಿದೊಡನೆ ತೆಗೆದಿಡಬಹುದಾಗಿತ್ತು. ಆ ಸಿಖ್ಖರಿಗೆ ಅದು ವೇಷವಾಗಿರಲಿಲ್ಲ. ವೇಷಕ್ಕೂ ಮುಖಕ್ಕೂ ಭೇದ ತಿಳಿಯದ ಜನರ ನಡುವೆ, ಇನ್ನೊಬ್ಬರ ಉಡುಪನ್ನು ನಗೆಯ ವೇಷವಾಗಿ ತೊಡುವವನು ಈ ಲೆಕ್ಕವನ್ನೂ ಹಾಕಬೇಕು ಎಂದು ನನಗೆ ತೋರುತ್ತದೆ.

ಹಾಗೆಂದು ಕಸಾಲೆಯ ಸಂಕಲ್ಪವನ್ನು ಹಗುರವಾಗಿ ಎಣಿಸಲಾಗದು. ಅಧಿಕಾರ ಹೇಳಿದ್ದನ್ನೇ ನೂರರಲ್ಲಿ 58 ಜನ ನಂಬಿದ ದಿನವನ್ನು ಆತ 22ರ ಪ್ರಾಯ ತುಂಬುವ ಮೊದಲೇ ಕಂಡಿದ್ದನು. 58ರ ಪ್ರಾಯದಲ್ಲಿ ಅದೇ ನಂಬಿಕೆ ಮತ್ತೆ ಯುದ್ಧಕ್ಕೆ ಹೊರಟಾಗ ಸುಮ್ಮನಿರಲಾರದೆ ಹೋದನು. ಸುಖವಾಗಿ ಹಳೆಯ ಹಾಡುಗಳನ್ನೇ ಹಾಡುತ್ತ ಕಾಲ ಕಳೆಯಬಹುದಾಗಿದ್ದ ಕಲಾವಿದ, ತಪ್ಪು ತಿಳಿಯುವವರಿದ್ದಾರೆಂದು ಬಲ್ಲವನಾಗಿಯೂ ಬಣ್ಣ ಹಚ್ಚಿಕೊಂಡು ಬೀದಿಗಿಳಿದನು.

ಕೆಂಟ್ ಸ್ಟೇಟಿನಲ್ಲಿ ಆ ನಾಲ್ವರು ಬಿದ್ದ ಜಾಗಗಳನ್ನು 1999ರಲ್ಲಿ ಗುರುತು ಮಾಡಿ ಕಾಯ್ದಿರಿಸಿದರು. ಅದು ವಾಹನಗಳನ್ನು ನಿಲ್ಲಿಸುವ ಬಯಲು. ಆ ನಾಲ್ಕು ಜಾಗಗಳಲ್ಲಿ ಮಾತ್ರ ಈಗ ಯಾರೂ ಕಾರು ನಿಲ್ಲಿಸುವುದಿಲ್ಲ. ಈ ಕಥೆಯನ್ನು ಕಿವಿಯಿಂದಲೇ ತಿಳಿಯಬೇಕೆನ್ನುವವರು ಮೊದಲು ಯಂಗನ ‘ಓಹಾಯೋ’ ಕೇಳಿ; ಆಮೇಲೆ ಡೀವೋದ ‘ಬ್ಯೂಟಿಫುಲ್ ವರ್ಲ್ಡ್’ ಹಾಡನ್ನು ಕೊನೆಯವರೆಗೂ ಕೇಳಿ; ಕಡೆಗೆ ಜಿಹಾದ್ ಜೆರ್ರಿಯ ಸಂಪುಟಕ್ಕೆ ಬನ್ನಿ. ಈ ಕ್ರಮದಲ್ಲಿ ಕೇಳಿದರೆ, ಮೂರನೆಯ ಹಾಡುಗಾರನ ನಗೆಯ ಹಿಂದೆ ಮೊದಲನೆಯ ಹಾಡಿನ ಅಳು ನಿಮಗೆ ಕೇಳಿಸೀತು.