ಭತ್ತದ ತಳಿಗಳೂ ಓಝೋನ್ ಗಾಳಿಯೂ



ಭತ್ತದ ಎಲೆಯ ಮೇಲೆ ಕಂದು ಚುಕ್ಕೆ ಕಂಡರೆ ನಾವು ಏನು ಹೇಳುತ್ತೇವೆ? ಬೆಂಕಿ ರೋಗವೋ, ಕಂದು ಚುಕ್ಕೆ ರೋಗವೋ, ಸತುವಿನ ಕೊರತೆಯೋ ಇರಬೇಕು ಅಂತೀವಿ. ಬದುವಿನ ಮೇಲೆ ನಿಂತು ಎಲೆ ನೋಡಿ ತೀರ್ಪು ಕೊಡುವುದು ನಮ್ಮ ವಿಸ್ತರಣಾ ಸಿಬ್ಬಂದಿಯ ಹಳೇ ಅಭ್ಯಾಸ. ನಾನೂ ಅದರಲ್ಲಿ ಪಳಗಿದವನೇ. ಆದರೆ ರೋಗವಿಲ್ಲದೆ, ಹುಳುವಿಲ್ಲದೆ, ಬರೀ ಗಾಳಿಯಿಂದಲೇ ಇಂಥ ಚುಕ್ಕೆ ಬೀಳುವುದುಂಟು. ಆ ಗಾಳಿಯನ್ನು ತಡೆಯುವ ತಳಿ ಯಾವುದೆಂದು ಹೇಗೆ ಪರೀಕ್ಷೆ ಮಾಡುತ್ತ ಬಂದರು ಎಂಬುದೇ ಇವತ್ತಿನ ವಿಷಯ.

ಕಥೆ ಶುರುವಾದದ್ದು ಭತ್ತದಿಂದಲ್ಲ, ಸೊಪ್ಪಿನಿಂದ. 1940ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲಿಸ್ ಪಟ್ಟಣದ ಸುತ್ತಮುತ್ತ ಸೊಪ್ಪು, ತರಕಾರಿಗಳ ಎಲೆ ಕಾರಣ ತಿಳಿಯದೆ ಹಾಳಾಗುತ್ತಿತ್ತು. ಹಾಗನ್‌ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು 1950ರ ಸುಮಾರಿಗೆ ಗುಟ್ಟು ಬಿಡಿಸಿದರು. (ಅದಕ್ಕೆ ಮುಂಚೆ ಅವರು ಅನಾನಸ್ ಹಣ್ಣಿನ ವಾಸನೆಯ ಮೇಲೆ ಕೆಲಸ ಮಾಡುತ್ತಿದ್ದರಂತೆ!) ಮೋಟಾರು, ಕಾರ್ಖಾನೆಗಳ ಹೊಗೆಗೆ ಬಿಸಿಲು ತಾಕಿದರೆ ಓಝೋನ್ ಹುಟ್ಟುತ್ತದೆ ಎಂದು ತೋರಿಸಿದರು. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವುದೂ ಇದೇ ಓಝೋನು. ನೆಲದ ಹತ್ತಿರ ಬಂದರೆ ಎಲೆಯ ಉಸಿರುಗಂಡಿಯಿಂದ ಒಳಹೊಕ್ಕು ಜೀವಕೋಶಗಳನ್ನು ಕೆಡಿಸುತ್ತದೆ. ಪಟ್ಟಣದ ಹೊಗೆ ನಮ್ಮ ಗದ್ದೆಗೇಕೆ ಬರುತ್ತೆ ಅನ್ನಬೇಡಿ. ಗಾಳಿಯ ಜೊತೆ ಸಾಗುತ್ತಲೇ ಹುಟ್ಟುವುದರಿಂದ ಎಷ್ಟೋ ಸಲ ಪೇಟೆಗಿಂತ ಹಳ್ಳಿಯ ಕಡೆಯೇ ಅದು ಹೆಚ್ಚು.

1959ರಲ್ಲಿ ತಂಬಾಕಿನ ಎಲೆಯ ಚುಕ್ಕೆಗೂ ಓಝೋನೇ ಕಾರಣವೆಂದು ಪ್ರಕಟವಾಯಿತು. ಎಲ್ಲ ತಳಿಗೂ ಒಂದೇ ಸಮ ಚುಕ್ಕೆ ಬೀಳುತ್ತಿರಲಿಲ್ಲ. ಬಹು ಬೇಗ ಚುಕ್ಕೆ ಬೀಳುವ ಬೆಲ್ ಡಬ್ಲ್ಯು-3 ಎಂಬ ತಳಿಯನ್ನು, ಗಾಳಿ ಕೆಟ್ಟಿದೆಯೋ ಇಲ್ಲವೋ ನೋಡುವುದಕ್ಕೆಂದೇ ಬೆಳೆಸತೊಡಗಿದರು. ಹೀಗೆ ಎಲೆಯ ಚುಕ್ಕೆಯೇ ಅಳತೆಗೋಲಾಯಿತು. ತಂಬಾಕಿಗೆ ಅದು ಸರಿ, ಅಲ್ಲಿ ಮಾರುವುದೇ ಎಲೆಯನ್ನು. ಭತ್ತದಲ್ಲಿ ನಾವು ಮಾರುವುದು ಕಾಳನ್ನಲ್ಲವೆ?

ತೊಡಕು ಬಂದದ್ದು ಇಲ್ಲೇ. ಜಪಾನಿನ ನಿಪ್ಪೊನ್‌ಬಾರೆ, ಭಾರತದ ಕಸಲತ್ ಈ ಎರಡು ತಳಿಗಳ ಸಂಕರದಿಂದ ಬಂದ ಸಾಲುಗಳನ್ನು ಓಝೋನಿಗೆ ಒಡ್ಡಿ ನೋಡಿದ ಫಲ 2008ರಲ್ಲಿ ಹೊರಬಂತು. ಎಲೆಯ ಚುಕ್ಕೆಗೆ ಸಂಬಂಧಪಟ್ಟ ಅಂಶ 3 ಮತ್ತು 9ನೇ ವರ್ಣತಂತುಗಳಲ್ಲಿ ಸಿಕ್ಕಿತು; ಗಿಡದ ತೂಕಕ್ಕೆ ಸಂಬಂಧಪಟ್ಟದ್ದು 8ನೆಯದರಲ್ಲಿ. ಅಂದರೆ ಎಲೆಯ ಲೆಕ್ಕ ಬೇರೆ, ಬೆಳವಣಿಗೆಯ ಲೆಕ್ಕ ಬೇರೆ. ಮಾರನೇ ವರ್ಷ ಜಪಾನಿನಲ್ಲೇ 20 ತಳಿಗಳನ್ನು ಪರೀಕ್ಷಿಸಿದವರೂ, ಚುಕ್ಕೆ ಹೆಚ್ಚಾದ ತಳಿಯಲ್ಲೇ ಇಳುವರಿ ಹೆಚ್ಚು ಕುಗ್ಗುತ್ತದೆಂಬ ನಿಯಮವಿಲ್ಲ ಎಂದರು.

ಸಸನಿಷಿಕಿ ಎಂಬ ತಳಿಯ ಎಲೆಗೆ ಚುಕ್ಕೆ ಬಿತ್ತು, ಕಾಳು ಕಡಿಮೆಯಾಗಲಿಲ್ಲ. ಹಬಾತಾಕಿಯ ಎಲೆ ನೋಡಲು ಚೆನ್ನಾಗಿಯೇ ಇತ್ತು, ಕಾಳು ಮಾತ್ರ ಕಡಿಮೆ! ಕಾರಣ ತೆನೆಯಲ್ಲಿತ್ತು. ಓಝೋನ್ ಸೋಕಿದ ಹಬಾತಾಕಿಯ ತೆನೆಯಲ್ಲಿ ಕವಲುಗಳೇ ಕಮ್ಮಿ. ತೆನೆಯ ಕವಲನ್ನು ಹಿಡಿತದಲ್ಲಿಡುವ ಎಪಿಒ-1 ಎಂಬ ಜೀನಿಗೂ ಈ ನಷ್ಟಕ್ಕೂ ನಂಟಿದೆಯೆಂದು 2015ರಲ್ಲಿ ತಿಳಿದುಬಂತು. ಬದುವಿನ ಮೇಲೆ ನಿಂತು ನೋಡುವ ನನ್ನಂಥವನು ಹಬಾತಾಕಿಗೆ ಮೊದಲ ಬಹುಮಾನ ಕೊಟ್ಟು, ಸಸನಿಷಿಕಿಯನ್ನು ಕೀಳಿಸಿಬಿಡುತ್ತಿದ್ದೆ.

ಚೀನಾದ ಜಿಯಾಂಗ್‌ಡು ಎಂಬಲ್ಲಿ 2007ರಿಂದ ಗೂಡಿನ ಹಂಗಿಲ್ಲದೆ ಬಯಲು ಗದ್ದೆಗೇ ಓಝೋನ್ ಬಿಟ್ಟು ನೋಡಿದರು. ಅಲ್ಲಿ ಎರಡು ಹೈಬ್ರಿಡ್ ತಳಿಗಳಿಗೇ ಪೆಟ್ಟು ಜಾಸ್ತಿ. ಇಳುವರಿ ನೂರಕ್ಕೆ 15ರ ಆಸುಪಾಸು ಕುಗ್ಗಿತು. ನಮ್ಮ ದೇಶದಲ್ಲಿ ವಾರಾಣಸಿಯ ವಿಶ್ವವಿದ್ಯಾನಿಲಯದವರು ಮೇಲ್ಭಾಗ ತೆರೆದ ಗೂಡುಗಳಲ್ಲಿ ಮಾಳವೀಯ ಧಾನ್ 36, ಶಿವಾನಿ ತಳಿಗಳನ್ನು ಬೆಳೆಸಿದರು. ಎರಡರಲ್ಲೂ ಇಳುವರಿ ಇಳಿಯಿತು. 2005ರ ಒಂದು ವರ್ಷದಲ್ಲಿ ಓಝೋನಿನಿಂದ ಭಾರತಕ್ಕೆ ಆದ ಅಕ್ಕಿಯ ನಷ್ಟ 21 ಲಕ್ಷ ಟನ್ನು ಎಂಬ ಅಂದಾಜು 2014ರಲ್ಲಿ ಪ್ರಕಟವಾಗಿದೆ.

ಎಲೆಯ ಚುಕ್ಕೆ ಎಣಿಸಲು ಕೆಲವು ದಿನ ಸಾಕು. ಕಾಳು ತೂಗಬೇಕಾದರೆ ನಾಟಿಯಿಂದ ಕಣದವರೆಗೆ ಇಡೀ ಬೆಳೆಗೆ ಓಝೋನ್ ಬಿಡುತ್ತಲೇ ಇರಬೇಕು; ಒಂದೊಂದು ಗೂಡಿನಲ್ಲಿ ಹಿಡಿಯುವ ಗಿಡವೂ ಕೆಲವೇ. ಆದ್ದರಿಂದ ಒಂದು ಪ್ರಯೋಗದಲ್ಲಿ ಸಾಮಾನ್ಯವಾಗಿ ಕೆಲವೇ ತಳಿಗಳ ಪರೀಕ್ಷೆ ನಡೆಯುತ್ತದೆ.