ಲೋಹವಲ್ಲದ ಲೋಹದ ಗುರಾಣಿ

1941ರ ಜುಲೈ ತಿಂಗಳ ಉತ್ತರಾರ್ಧ. ಅಮೆರಿಕದ ಊರೂರುಗಳಲ್ಲಿ ಗೃಹಿಣಿಯರು ತಮ್ಮ ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆ, ಬಾಣಲೆ, ಕೆಟಲುಗಳನ್ನು ತಂದು ಚೌಕದಲ್ಲಿ ರಾಶಿ ಹಾಕಿದರು. ವಿಮಾನಗಳಿಗೆ ಲೋಹ ಬೇಕೆಂದು ಸರ್ಕಾರ ಕರೆ ಕೊಟ್ಟಿತ್ತು. ಆ ಸಂಗ್ರಹಕ್ಕೆ ಮುಂದಾಳಾಗಿದ್ದವರು ನಾಗರಿಕ ರಕ್ಷಣಾ ಕಚೇರಿಯ ಮುಖ್ಯಸ್ಥರೂ ನ್ಯೂಯಾರ್ಕಿನ ಮೇಯರರೂ ಆಗಿದ್ದ ಫಿಯೊರೆಲ್ಲೊ ಲಾಗಾರ್ಡಿಯಾ. ಆದರೆ ಹಳೆಯ ಪಾತ್ರೆ ಕರಗಿಸಿ ತೆಗೆದ ಲೋಹ ವಿಮಾನಕ್ಕೆ ಒಗ್ಗುವಂಥದ್ದಲ್ಲ ಎಂಬುದು ಆಮೇಲೆ ತಿಳಿದುಬಂತು.

ಅದೇ ದಿನಗಳಲ್ಲಿ ಅಂಥ ಮನೆಗಳ ಮಕ್ಕಳ ಕೈಯಲ್ಲಿ ಹತ್ತು ಸೆಂಟಿನ ಒಂದು ಚಿತ್ರಕಥೆಯ ಪುಸ್ತಕ ಓಡಾಡುತ್ತಿತ್ತು. ಅದರ ನಾಯಕ ಕ್ಯಾಪ್ಟನ್ ಅಮೆರಿಕ. ಗುಂಡನ್ನೂ ತಡೆಯುವ ಗುರಾಣಿಯೇ ಅವನ ಗುರುತು. ಲೋಹವೆಲ್ಲ ಯುದ್ಧದ ಪಾಲಾಗುತ್ತಿದ್ದ ಕಾಲದಲ್ಲಿ ಮಕ್ಕಳಿಗೆ ಅಂಥದ್ದೊಂದು ಎಲ್ಲಿಂದ ಸಿಗಬೇಕು? ಕಸದ ಡಬ್ಬಿಯ ಮುಚ್ಚಳ, ದಪ್ಪ ರಟ್ಟು, ಹಲಗೆಯ ತುಂಡು ಇವೇ ಅವರ ಪಾಲಿನ ಗುರಾಣಿಗಳು. ಆ ಗುರಾಣಿಯನ್ನು ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಹವ್ಯಾಸ ಇಂದಿಗೂ ಅಲ್ಲಿ ಜೀವಂತವಾಗಿದೆ. ಅಗ್ಗದ ಸಾಮಗ್ರಿಯಿಂದ ಮಾಡಿದ್ದು ‘ನಕಲಿ’ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಗುರಾಣಿಯ ಚರಿತ್ರೆಯನ್ನು ತೆರೆದು ನೋಡಿದರೆ ಅಸಲಿ ಯಾವುದು, ನಕಲಿ ಯಾವುದು ಎಂದು ಬೇರ್ಪಡಿಸುವುದೇ ಕಷ್ಟವಾಗುತ್ತದೆ.

ತ್ರಿಕೋನ ಹೋಗಿ ವೃತ್ತ ಬಂತು

ಜೋ ಸೈಮನ್ ಮತ್ತು ಜಾಕ್ ಕರ್ಬಿ ಎಂಬ ಇಬ್ಬರು ಯಹೂದಿ ಯುವಕರು ಸೃಷ್ಟಿಸಿದ ಕ್ಯಾಪ್ಟನ್ ಅಮೆರಿಕ ಮೊದಲು ಅಂಗಡಿಗೆ ಬಂದದ್ದು 1940ರ ಡಿಸೆಂಬರಿನಲ್ಲಿ. ಸಂಚಿಕೆಯ ಮೇಲೆ ಮುದ್ರಿತವಾದ ತಿಂಗಳು 1941ರ ಮಾರ್ಚ್. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಆದರೂ ಮುಖಪುಟದಲ್ಲಿ ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಿದ್ದ. ಇದರಿಂದ ಕೆರಳಿದವರು ಬೆದರಿಕೆ ಹಾಕಿದಾಗ ಪೊಲೀಸರು ಕಚೇರಿಗೆ ಕಾವಲು ನಿಂತರೆಂದೂ ಮೇಯರ್ ಲಾಗಾರ್ಡಿಯಾ ತಾವೇ ದೂರವಾಣಿ ಕರೆ ಮಾಡಿ ಧೈರ್ಯ ಹೇಳಿದರೆಂದೂ ಸೈಮನ್ ಮುಂದೆ ನೆನಪಿಸಿಕೊಂಡಿದ್ದಾರೆ.

ಆ ಮೊದಲ ಸಂಚಿಕೆಯ ಗುರಾಣಿ ದುಂಡಗಿರಲಿಲ್ಲ. ಮಧ್ಯಯುಗದ ಯೂರೋಪಿನ ಅಶ್ವಾರೋಹಿಗಳ ಗುರಾಣಿಯಂತೆ ಮೇಲೆ ಅಗಲವಾಗಿ, ಕೆಳಗೆ ಚೂಪಾಗಿತ್ತು. 1940ರ ಜನವರಿಯಲ್ಲೇ ಬೇರೊಂದು ಪ್ರಕಾಶನ ಸಂಸ್ಥೆ ‘ದಿ ಶೀಲ್ಡ್’ ಎಂಬ ನಾಯಕನನ್ನು ಹೊರತಂದಿತ್ತು. ಅವನ ಎದೆಯ ಮೇಲಿನ ಆಕಾರಕ್ಕೂ ಇದಕ್ಕೂ ಹೋಲಿಕೆ ಇದೆ ಎಂದು ಆ ಸಂಸ್ಥೆ ಆಕ್ಷೇಪ ಎತ್ತಿತು. ಹೀಗೆ ಎರಡನೆಯ ಸಂಚಿಕೆಯಲ್ಲಿ ಗುರಾಣಿ ದುಂಡಗಾಯಿತು. ತಕರಾರಿನಿಂದ ಹುಟ್ಟಿದ ಈ ವೃತ್ತವೇ ಮುಂದೆ ಅದರ ಭಾಗ್ಯ ತೆರೆಯಿತು. ಮೂರನೆಯ ಸಂಚಿಕೆಯ ಒಂದು ಪುಟ್ಟ ಗದ್ಯಕಥೆಯಲ್ಲಿ ನಾಯಕ ಗುರಾಣಿಯನ್ನು ಮೊದಲ ಬಾರಿಗೆ ಬೀಸಿ ಎಸೆದ. ಆ ಕಥೆ ಬರೆದವನು ಸ್ಟಾನ್ ಲೀ ಎಂಬ ಹದಿನೆಂಟರ ಹುಡುಗ. ಅದು ಅವನ ಮೊದಲ ಪ್ರಕಟಿತ ಬರಹ.

ಗುರಾಣಿಯನ್ನು ಚಿತ್ರಿಸಿದ ಕರ್ಬಿ 1944ರಲ್ಲಿ ಕಾಲಾಳು ಸೈನಿಕನಾಗಿ ಫ್ರಾನ್ಸಿಗೆ ಹೋದರು. ಆ ವರ್ಷದ ಚಳಿಗಾಲದಲ್ಲಿ ಕಾಲುಗಳು ಹಿಮದ ಕೊರೆತಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದರು. ಕಾಗದದ ಮೇಲಿನ ಗುರಾಣಿ ಅದರ ಕರ್ತೃವನ್ನು ಕಾಯಲಿಲ್ಲ.

ತೆರೆಯ ಮೇಲೆ ಖರ್ಚಿನ ಲೆಕ್ಕ

ಕಾಗದದ ಮೇಲೆ ಗುರಾಣಿಗೆ ತೂಕವೂ ಇಲ್ಲ, ಬೆಲೆಯೂ ಇಲ್ಲ. ಚಿತ್ರ ತಯಾರಿಕೆಯಲ್ಲಿ ಎರಡೂ ಎದುರಾಗುತ್ತವೆ. 1944ರಲ್ಲಿ ರಿಪಬ್ಲಿಕ್ ಸಂಸ್ಥೆ 15 ಕಂತುಗಳ ಧಾರಾವಾಹಿ ಚಿತ್ರ ತೆಗೆಯಿತು. ಆ ಸಂಸ್ಥೆಯ ಧಾರಾವಾಹಿಗಳಲ್ಲೇ ಅದು ಅತಿ ದುಬಾರಿ, ಖರ್ಚು 2 ಲಕ್ಷ ಡಾಲರಿಗೂ ಹೆಚ್ಚು. ವಿಚಿತ್ರವೆಂದರೆ ಅದರಲ್ಲಿ ಗುರಾಣಿಯೇ ಇರಲಿಲ್ಲ, ನಾಯಕ ಪಿಸ್ತೂಲು ಹಿಡಿದಿದ್ದ. 1979ರ ಎರಡು ದೂರದರ್ಶನ ಚಿತ್ರಗಳಲ್ಲಿ ಗುರಾಣಿ ಬಂತಾದರೂ ಅದು ಪಾರದರ್ಶಕ ಪ್ಲಾಸ್ಟಿಕ್ಕಿನದು. ಮೋಟಾರ್‌ ಸೈಕಲ್ಲಿಗೆ ಸಿಕ್ಕಿಸಿದಾಗ ಗಾಳಿ ತಡೆಯುವ ಗಾಜಿನ ಕೆಲಸವನ್ನೂ ಅದೇ ಮಾಡುತ್ತಿತ್ತು!

2011ರಲ್ಲಿ ಬಂದ ಭಾರಿ ವೆಚ್ಚದ ‘ಕ್ಯಾಪ್ಟನ್ ಅಮೆರಿಕ: ದಿ ಫಸ್ಟ್ ಅವೆಂಜರ್’ ಚಿತ್ರಕ್ಕಾದರೂ ಒಂದೇ ಒಂದು ಅಸಲಿ ಲೋಹದ ಗುರಾಣಿ ಸಾಕಾಯಿತೆ? ಇಲ್ಲ. ಅಲ್ಲಿ ಬೇರೆ ಬೇರೆ ವಸ್ತುಗಳ ನಾಲ್ಕು ಬಗೆಯ ಗುರಾಣಿಗಳನ್ನು ತಯಾರಿಸಲಾಗಿತ್ತು. ಕ್ಯಾಮೆರಾ ಹತ್ತಿರ ಬಂದಾಗ ತೋರಿಸಲು ಲೋಹದ್ದು, ನಟ ಬೆನ್ನಿಗೆ ಕಟ್ಟಿಕೊಳ್ಳಲು ಹಗುರವಾದದ್ದು, ಹೊಡೆದಾಟಕ್ಕೆ ರಬ್ಬರಿನದು, ಯಾರಿಗಾದರೂ ತಗಲುವ ಸಂದರ್ಭಕ್ಕೆ ಇನ್ನೂ ಮೆತ್ತನೆಯದು. ಗಾಳಿಯಲ್ಲಿ ಹಾರುವ ಗುರಾಣಿಯಂತೂ ಬಹುಪಾಲು ಕಂಪ್ಯೂಟರಿನ ಕೈಚಳಕ. ಅಂದರೆ ಹಣದ ಕೊರತೆ ಇಲ್ಲದವರೂ ಲೋಹವನ್ನು ಕಣ್ಣಿಗೆ ಕಾಣುವಷ್ಟೇ ಬಳಸಿದರು.

ರಂಗಪರಿಕರ ಮಾಡುವವರ ಹಳೆಯ ಸೂತ್ರವೇ ಇದು: ಯಾರು, ಎಷ್ಟು ದೂರದಿಂದ ನೋಡುತ್ತಾರೆ? ಬ್ರಿಟನ್ನಿನ ಮಾಂಟಿ ಪೈಥಾನ್ ತಂಡ 1975ರಲ್ಲಿ ತೆಗೆದ ಚಿತ್ರವೊಂದರಲ್ಲಿ ಯೋಧರ ಸರಪಳಿ ಕವಚಗಳು ಬಹುಮಟ್ಟಿಗೆ ಉಣ್ಣೆಯಲ್ಲಿ ಹೆಣೆದು ಬೆಳ್ಳಿ ಬಣ್ಣ ಬಳಿದಂಥವು. ನಮ್ಮ ಯಕ್ಷಗಾನದ ಕಲಾವಿದ ಇಡೀ ರಾತ್ರಿ ಹೊತ್ತು ಕುಣಿಯುವ ಭುಜಕೀರ್ತಿ, ಎದೆಕಟ್ಟುಗಳೂ ಹಗುರ ಮರದ ಮೇಲೆ ಬೇಗಡೆ ಹಚ್ಚಿದವೇ. ಚಿನ್ನದ್ದಾಗಿದ್ದರೆ ಕುಣಿಯಲು ಸಾಧ್ಯವಿತ್ತೆ?

ಗ್ರೀಕರದೂ ಅದೇ ಉಪಾಯ

ಇದು ಬಣ್ಣದ ಲೋಕದ ಮಾತಾಯಿತು, ನಿಜವಾದ ರಣರಂಗದಲ್ಲಿ ಹೀಗಿರಲಾರದು ಎನ್ನಬಹುದು. ಪ್ರಾಚೀನ ಗ್ರೀಸಿನ ಕಾಲಾಳುಗಳ ದುಂಡು ಗುರಾಣಿ ಕಂಚಿನದೆಂದೇ ಪ್ರಸಿದ್ಧ. ಸುಮಾರು 90 ಸೆಂಟಿಮೀಟರ್ ಅಗಲದ ಆ ಗುರಾಣಿಯ ಒಡಲು ಮರದ್ದು. ಮೇಲಿನದು ಒಂದು ಮಿಲಿಮೀಟರಿಗಿಂತಲೂ ತೆಳುವಾದ ಕಂಚಿನ ಹೊದಿಕೆ. ಕ್ರಿ.ಪೂ. 425ರಲ್ಲಿ ಪೈಲೊಸ್ ಎಂಬಲ್ಲಿ ಅಥೆನ್ಸಿನವರು ಸ್ಪಾರ್ಟಾದ ಸೈನಿಕರಿಂದ ಕಿತ್ತುಕೊಂಡ ಗುರಾಣಿಯೊಂದು ಅಥೆನ್ಸಿನ ಅಗೋರಾ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಈಗ ಉಳಿದಿರುವುದು ಕಂಚಿನ ಹೊರಪದರ ಮಾತ್ರ. ರೋಮನ್ನರ ಉದ್ದ ಗುರಾಣಿಯಂತೂ ತೆಳು ಮರದ ಪಟ್ಟಿಗಳನ್ನು ಅಡ್ಡ-ಉದ್ದ ಅಂಟಿಸಿ ಮಾಡಿದ್ದು, ಇಂದಿನ ಪ್ಲೈವುಡ್ಡಿನ ಪೂರ್ವಜ. ಸಿರಿಯಾದ ಡುರಾ ಯೂರೊಪಸ್‌ನಲ್ಲಿ ಅಂಥದ್ದೊಂದು ಸಿಕ್ಕಿದೆ.

ಹಾಗಾದರೆ ಪೂರ್ತಿ ಲೋಹದವು ಇರಲೇ ಇಲ್ಲವೆ? ಇದ್ದವು. ಬ್ರಿಟನ್ನಿನ ಪುರಾತತ್ವಜ್ಞ ಜಾನ್ ಕೋಲ್ಸ್ 1962ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಅವುಗಳ ಬಗ್ಗೆ ಹೊಸ ಪ್ರಶ್ನೆ ಎತ್ತಿತು. ಕಂಚಿನ ಯುಗದ ಮಾದರಿಯಲ್ಲಿ ಮಾಡಿದ ತೆಳು ತಗಡಿನ ಗುರಾಣಿ ಕತ್ತಿಯ ಒಂದೇ ಏಟಿಗೆ ಸೀಳಿತು. ಗಟ್ಟಿಗೊಳಿಸಿದ ಚರ್ಮದ ಗುರಾಣಿ ಏಟಿನ ಮೇಲೆ ಏಟು ತಾಳಿಕೊಂಡಿತು. ದಪ್ಪ ತಗಡಿನ ಕೆಲವು ಗುರಾಣಿಗಳ ಮೇಲೆ ಹೋರಾಟದ ಗುರುತುಗಳಿರುವುದನ್ನು ಮುಂದಿನ ವಿದ್ವಾಂಸರು ತೋರಿಸಿದ್ದಾರೆ. ಆದರೂ ತೆಳುವಾದವು ಮೆರವಣಿಗೆಗೋ ಹರಕೆಗೋ ಇದ್ದವೆಂಬ ಮಾತು ನಿಂತಿದೆ. 1857ರಲ್ಲಿ ಥೇಮ್ಸ್ ನದಿಯಲ್ಲಿ ದೊರೆತು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಸುಂದರ ಬ್ಯಾಟರ್‌ಸಿ ಗುರಾಣಿಯನ್ನೂ ಇದೇ ಸಾಲಿಗೆ ಸೇರಿಸುತ್ತಾರೆ.

ಒಂದು ತಟ್ಟೆ, ಎರಡು ಪಟ್ಟಿ

ತೂಕದ ಲೆಕ್ಕ ಹಾಕಿದರೆ ಇದರ ಮರ್ಮ ತಿಳಿಯುತ್ತದೆ. ಚಿತ್ರಕಥೆಗಳ ಪ್ರಕಾರ ಕ್ಯಾಪ್ಟನ್ ಅಮೆರಿಕನ ಗುರಾಣಿ ಎರಡೂವರೆ ಅಡಿ ಅಗಲ, 12 ಪೌಂಡು ತೂಕ, ಅಂದರೆ ಸುಮಾರು ಐದೂವರೆ ಕಿಲೊ. ಅದೇ ಅಗಲದ ತಟ್ಟೆಯನ್ನು 2 ಮಿಲಿಮೀಟರ್ ಉಕ್ಕಿನ ತಗಡಿನಲ್ಲಿ ಕತ್ತರಿಸಿದರೆ 7 ಕಿಲೊ ದಾಟುತ್ತದೆ. ಅಷ್ಟೇ ದಪ್ಪದ ಅಲ್ಯೂಮಿನಿಯಂ ಆದರೆ ಎರಡೂವರೆ ಕಿಲೊ. ದಿನವಿಡೀ ತೋಳಿಗೆ ಸಿಕ್ಕಿಸಿಕೊಂಡು ತಿರುಗಬೇಕಾದವನು ಯಾವುದನ್ನು ಆರಿಸಿಕೊಳ್ಳುತ್ತಾನೆಂದು ಹೇಳಬೇಕಾಗಿಲ್ಲ.

ಸಮತಟ್ಟಾದ ತಗಡಿಗೆ ಉಬ್ಬು ಕೊಡುವುದೇ ಖರ್ಚಿನ ಕೆಲಸ. ವೃತ್ತಿಪರರು ತಗಡನ್ನು ಲೇತಿನಲ್ಲಿ ಅಚ್ಚಿನ ಜೊತೆ ತಿರುಗಿಸುತ್ತ, ಸಲಕರಣೆಯಿಂದ ಒತ್ತಿ ಒತ್ತಿ ಅಚ್ಚಿನ ಮೇಲೆ ಮಲಗಿಸುತ್ತಾರೆ. ಅಲ್ಯೂಮಿನಿಯಂ ಪಾತ್ರೆಗಳನ್ನೂ ಈ ವಿಧಾನದಲ್ಲಿ ಮಾಡುವುದುಂಟು. ಒಂದೇ ಒಂದು ಗುರಾಣಿಗಾಗಿ ಅಚ್ಚು ಮಾಡಿಸುವುದು ಬಡ ಹವ್ಯಾಸಿಗೆ ನಿಲುಕದು. ಹೀಗಾಗಿ ಅಮೆರಿಕದ ಹವ್ಯಾಸಿಗಳು ಉಬ್ಬು ಆಗಲೇ ಇರುವ ವಸ್ತುವಿನ ಬೇಟೆಗೆ ಹೊರಟರು. ಅವರಿಗೆ ಸಿಕ್ಕಿದ್ದು ಮಕ್ಕಳು ಹಿಮದ ಇಳಿಜಾರಿನಲ್ಲಿ ಕುಳಿತು ಜಾರುವ ಲೋಹದ ತಟ್ಟೆ. ಅಗಲ ಸುಮಾರು 26 ಅಂಗುಲ, ನಾಲ್ಕು ಅಂಗುಲವಷ್ಟೇ ಕಡಿಮೆ. ಹಳೆಯ ಡಿಶ್ ಆಂಟೆನಾ ಸಿಕ್ಕಿದವರು ಅದನ್ನೇ ಬಳಸಿದರು.

ಮುಂದಿನದು ತಾಳ್ಮೆಯ ಕೆಲಸ. ತಟ್ಟೆಯ ಹಳೆಯ ಬಣ್ಣ, ಜಿಡ್ಡು ತೆಗೆದು ಮರಳು ಕಾಗದದಿಂದ ಉಜ್ಜಬೇಕು. ಅಡ್ಡಾದಿಡ್ಡಿ ಉಜ್ಜದೆ ಕೇಂದ್ರದ ಸುತ್ತ ವೃತ್ತಾಕಾರವಾಗಿ ಉಜ್ಜಿದರೆ ಲೇತಿನಿಂದ ಇಳಿದಂತೆ ಸಣ್ಣ ಗೆರೆಗಳು ಹೊಳೆಯುತ್ತವೆ. ನಡುವೆ ದಾರ ಹಿಡಿದು ವೃತ್ತಗಳನ್ನೂ, 72 ಡಿಗ್ರಿಗೊಂದರಂತೆ ನಕ್ಷತ್ರದ ಐದು ತುದಿಗಳನ್ನೂ ಗುರುತಿಸಿಕೊಳ್ಳಬೇಕು. ಬಣ್ಣ ಬೇಡವಾದ ಕಡೆ ಪಟ್ಟಿ ಅಂಟಿಸಿ, ಅಲ್ಯೂಮಿನಿಯಂ ಆದರೆ ಅದಕ್ಕೆ ತಕ್ಕ ಪ್ರೈಮರ್ ಬಳಿದ ಮೇಲೆ ಕೆಂಪು, ನೀಲಿ ಹಚ್ಚಬೇಕು. ಪ್ರೈಮರ್ ಇಲ್ಲದಿದ್ದರೆ ಬಣ್ಣ ಪದರು ಪದರಾಗಿ ಏಳುತ್ತದೆ. ತಗಡಿನ ಕತ್ತರಿಸಿದ ಅಂಚು ಚಾಕುವಿನಷ್ಟೇ ಹರಿತ, ಆದ್ದರಿಂದ ಅದನ್ನು ಮಡಿಸುವುದೋ ರಬ್ಬರ್ ಪಟ್ಟಿ ಹೊದಿಸುವುದೋ ಅಗತ್ಯ.

ಹಿಂಬದಿಗೆ ಹಳೆಯ ಚರ್ಮದ ಬೆಲ್ಟಿನಿಂದ ಎರಡು ಪಟ್ಟಿ: ಒಂದರಲ್ಲಿ ಮುಂಗೈ ತೂರಿಸುವುದು, ಇನ್ನೊಂದನ್ನು ಮುಷ್ಟಿಯಲ್ಲಿ ಹಿಡಿಯುವುದು. ಇದೇನೂ ಹೊಸ ಉಪಾಯವಲ್ಲ. ಗ್ರೀಕ್ ಗುರಾಣಿಯ ಹಿಂದೆಯೂ ಮುಂಗೈಗೆ ನಡುವಿನಲ್ಲೊಂದು ಬಳೆ, ಹಿಡಿತಕ್ಕೆ ಅಂಚಿನಲ್ಲೊಂದು ಹಿಡಿಕೆ ಇರುತ್ತಿದ್ದವು. ಕಾಲ, ದೇಶ ಬೇರೆಯಾದರೂ ತೋಳು ಒಂದೇ ಅಲ್ಲವೆ?

ಇಷ್ಟಾದ ಮೇಲೂ ಒಂದು ಎಚ್ಚರ ಬೇಕು. ಕಥೆಯ ನಾಯಕನಂತೆ ಲೋಹದ ತಟ್ಟೆಯನ್ನು ಬೀಸಿ ಎಸೆದರೆ ಎದುರಿನವರಿಗೆ ಗಾಯ ಖಚಿತ. ವೇಷಧಾರಿಗಳು ಸೇರುವ ಅನೇಕ ಸಮಾವೇಶಗಳಲ್ಲಿ ಲೋಹದ ಆಯುಧಗಳನ್ನು ಒಳಗೆ ಬಿಡುವುದಿಲ್ಲ. ಅಂಥ ಕಡೆಗೆಂದು ಚಪ್ಪಲಿಯ ಅಟ್ಟೆಗೆ ಬಳಸುವಂಥ ಫೋಮಿನಿಂದ ಗುರಾಣಿ ಮಾಡಿ ಲೋಹದ ಬಣ್ಣ ಬಳಿಯುವವರು ಹೆಚ್ಚು. ಕೋಟ್ಯಂತರ ಡಾಲರಿನ ಚಿತ್ರದವರು ಮೆತ್ತನೆಯ ಗುರಾಣಿಗೆ ಕೈ ಹಾಕಿದ್ದೂ ಇದೇ ಕಾರಣಕ್ಕೆ.

2016ರಲ್ಲಿ ಕ್ಯಾಪ್ಟನ್ ಅಮೆರಿಕನಿಗೆ 75 ತುಂಬಿದ ನೆನಪಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅವನ 13 ಅಡಿ ಎತ್ತರದ ಕಂಚಿನ ಪ್ರತಿಮೆ ನಿಂತಿತು. ಅದರ ಕೈಯಲ್ಲಿ ಎತ್ತಿ ಹಿಡಿದ ಗುರಾಣಿಯೂ ಕಂಚಿನದೇ. ಆ ಗುರಾಣಿಯನ್ನು ಯಾರೂ ಹೊರಬೇಕಾಗಿಲ್ಲ. ಹೊರಬೇಕಾದವರು, ಅವನು ಸ್ಪಾರ್ಟಾದ ಸೈನಿಕನಿರಲಿ, ಚಿತ್ರದ ನಟನಿರಲಿ, ಕಸದ ಡಬ್ಬಿಯ ಮುಚ್ಚಳ ಹಿಡಿದ ಹುಡುಗನಿರಲಿ, ತಮ್ಮ ತೋಳಿಗೂ ಜೇಬಿಗೂ ಒಗ್ಗುವಷ್ಟು ಲೋಹವನ್ನೇ ನೆಚ್ಚಿಕೊಂಡರು.